ಹೆಸರಿಗಾಗಿ ಒಂದು ಜೀವ

ಕರ್ಜಗಿಯಲ್ಲಿ ವರದಾ ನದಿಯ ಕಡೆಗಿರುವ ನಮ್ಮ ಹೊಲದ ಬದುವಿನಲ್ಲಿ ಒಂದು ಮಾವಿನ ಮರವಿದೆ. ಅದರ ಬುಡದ ತರಗೆಲೆಯನ್ನು ಜರಡಿ ಹಿಡಿದು ಬಿಳಿ ಬಟ್ಟೆಯ ಮೇಲೆ ಉದುರಿಸಿದರೆ ಮೊದಲು ಬರೀ ಮಣ್ಣು. ಎರಡು ನಿಮಿಷ ಸುಮ್ಮನೆ ಕೂತರೆ ಆ ಮಣ್ಣಿನ ಕೆಲವು ಕಣಗಳು ನಡೆಯತೊಡಗುತ್ತವೆ. ಎರಡು ಮಿಲಿಮೀಟರಿನ ಜೇಡಗಳು! ಜೇಡ ಎಂದರೆ ನೇಕಾರ ಎಂಬ ಅರ್ಥವೂ ಉಂಟು, ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ. ಇವುಗಳಲ್ಲಿ ಹಲವು ಮಾತ್ರ ಬೇಟೆಗೆ ಬಲೆ ನೇಯುವುದೇ ಇಲ್ಲ, ಎಲೆಯ ಸಂದಿಯಲ್ಲಿ ಓಡಾಡಿ ಹಿಡಿಯುತ್ತವೆ.

ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ಅಂಥದೊಂದನ್ನು ತೋರಿಸಿ, "ಕಾಕಾ, ಇದರ ಹೆಸರೇನು?" ಅಂದ. ಲೆನ್ಸ್ ಹಿಡಿದು ಕಣ್ಣು ಎಣಿಸಿದೆ: ಆರು. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು, ಹಾಗಾಗಿ ಆರು ಎಂದ ಕೂಡಲೇ ಎಷ್ಟೋ ಕುಟುಂಬಗಳು ಪಕ್ಕಕ್ಕೆ ಸರಿಯುತ್ತವೆ. ಉಳಿದವುಗಳಲ್ಲಿ ನನ್ನನ್ನು ಗೊಂದಲಕ್ಕೆ ಕೆಡಹುವವು ಊನೊಪಿಡೇ ಮತ್ತು ಟೆಟ್ರಾಬ್ಲೆಮಿಡೇ. 1873ರಲ್ಲಿ ಪಿಕಾರ್ಡ್-ಕೇಂಬ್ರಿಜ್ ಶ್ರೀಲಂಕಾದ ಒಂದು ಜೇಡಕ್ಕೆ ನಾಲ್ಕೇ ಕಣ್ಣಿದ್ದುದನ್ನು ಕಂಡು ಟೆಟ್ರಾಬ್ಲೆಮಾ ಎಂದು ಕರೆದ. ಆದರೆ ಅದೇ ಕುಟುಂಬದಲ್ಲಿ ಆರು ಕಣ್ಣಿನವೂ ಇವೆ. ಹೊಟ್ಟೆಗೆ ಗಟ್ಟಿ ಕವಚ ತೊಟ್ಟವು ಎರಡೂ ಕಡೆ ಸಿಗುತ್ತವೆ. ವ್ಯತ್ಯಾಸ ಪಕ್ಕೆಯಲ್ಲಿದೆ: ಊನೊಪಿಡೇಯ ಕವಚ ಬೆನ್ನಿಗೆ ಮತ್ತು ಅಡಿಗೆ, ಟೆಟ್ರಾಬ್ಲೆಮಿಡೇಯಲ್ಲಿ ಪಕ್ಕೆಗಳ ಮೇಲೂ ಕಿರಿದಾದ ಪಟ್ಟಿಗಳ ಸಾಲು.

ಪಕ್ಕೆ ನೋಡೋಣವೆಂದರೆ ಅದು ನಿಲ್ಲಬೇಕಲ್ಲ. ಸ್ಪಿರಿಟ್ ಸೀಸೆಗೆ ಹಾಕಿದೆ.

ಆಮೇಲೆ ಮೈಕ್ರೋಸ್ಕೋಪಿನಡಿ ಕಂಡದ್ದು ಮೆತ್ತನೆಯ ಹೊಟ್ಟೆ. ಕವಚವಿಲ್ಲ. ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿ ಗಂಡಿನಲ್ಲಿ ಉಬ್ಬಿರುತ್ತದೆ, ಇದರಲ್ಲಿ ಇಲ್ಲ. ಹೆಣ್ಣಿನ ಗುರುತೂ ಇಲ್ಲ. ಅದು ಮರಿ. ಜೇಡದ ಪ್ರಭೇದವನ್ನು ಖಚಿತವಾಗಿ ಹೇಳುವುದು ಬಲಿತ ಜನನಾಂಗದ ರಚನೆಯಿಂದ. ಮರಿಯನ್ನು ಕೊಂದರೆ ಸಾವು ಸಿಗುತ್ತದೆ, ಹೆಸರು ಸಿಗುವುದಿಲ್ಲ.

ತರಗೆಲೆ ಗುಡ್ಡೆ ಹಾಕಿ ಬೆಂಕಿಯಿಟ್ಟ ದಿನ ಇಂಥವು ಎಷ್ಟು ಸಾಯುತ್ತವೋ, ನಾನೇ ಇಟ್ಟಿದ್ದೇನೆ. ಈ ಲೆಕ್ಕ ಹೇಳಿ ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಸಂಗ್ರಹಾಲಯದ ಸೀಸೆಯಲ್ಲಿರುವ ಜೇಡವನ್ನು ನೂರು ವರ್ಷದ ನಂತರವೂ ಇನ್ನೊಬ್ಬರು ತೆಗೆದು ನನ್ನ ತಪ್ಪು ತಿದ್ದಬಹುದು. ಆ ಕೊಲೆಗೆ ಒಂದು ಉತ್ತರವಿದೆ. ನನ್ನದಕ್ಕೆ? ಹುಡುಗನ ಮುಂದೆ 'ಗೊತ್ತಿಲ್ಲ' ಎನ್ನಲು ನಾಲಿಗೆ ಬರಲಿಲ್ಲ, ಅಷ್ಟೇ. ಗಾಜಿನ ನಳಿಕೆಯಲ್ಲಿ ಸಾಕಿ, ಪೊರೆ ಕಳಚಿ ಬಲಿಯುವವರೆಗೆ ಕಾಯಬಹುದಿತ್ತು. ಬದುಕುವ ಖಾತ್ರಿ ಇರಲಿಲ್ಲ, ನಿಜ. ಬಿಟ್ಟುಬಿಡಲೂಬಹುದಿತ್ತು.

"ಹೆಸರು ಸಿಕ್ತಾ?" ಎಂದು ಸಂಜೆ ಕೇಳಿದ. ಇಲ್ಲ ಅಂದೆ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮರಳಿ ಕೊಟ್ಟ. ಚೀಟಿಯಲ್ಲಿ 'ಕರ್ಜಗಿ, ಮಾವಿನ ತರಗೆಲೆ, ಮರಿ' ಎಂದು ಬರೆದು ಒಳಗೆ ಹಾಕಿದ್ದೇನೆ. ಹೆಸರಿನ ಜಾಗ ಖಾಲಿಯಿದೆ.