ಎರಡು ಸಹಿಗಳು

ಸಾಲ ತಗೊಂಡವನೇ ತೀರಿಸಬೇಕು, ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಊರಲ್ಲಿ ನೀವೆಲ್ಲ ಹೀಗೇ ಹೇಳ್ತೀರಿ. ಮುಂಬಯಿಯಲ್ಲಿ ಮೂವತ್ತು ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತ ನಾನೂ ಹಾಗೇ ನಂಬಿದ್ದೆ. ನಿವೃತ್ತಿಗೆ ಮೊದಲು ಕಿರಿಯ ಅಧಿಕಾರಿಗಳಿಗೆ ಪಾಠ ಹೇಳಲೆಂದು ಐರ್ಲೆಂಡಿನ ಕತೆ ಓದಿದಾಗ ಆ ನಂಬಿಕೆ ಸ್ವಲ್ಪ ಅಲುಗಾಡಿತು.

ಅಲ್ಲಿ 2007ರವರೆಗೆ ಮನೆಗಳ ಬೆಲೆ ಏರುತ್ತಲೇ ಇತ್ತು. ಬ್ಯಾಂಕುಗಳು ಪೈಪೋಟಿಗೆ ಬಿದ್ದು, ಕೈಯಿಂದ ಒಂದು ಯೂರೋ ಹಾಕದವರಿಗೂ ಮನೆಯ ಪೂರ್ತಿ ಬೆಲೆಯಷ್ಟು ಸಾಲ ಕೊಟ್ಟವು. ಆಮೇಲೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಜನರ ನೌಕರಿ ಹೋಯಿತು. 2013ರ ಹೊತ್ತಿಗೆ ವಾಸದ ಮನೆಯ ಎಂಟು ಸಾಲಗಳಲ್ಲಿ ಸುಮಾರು ಒಂದು, ಮೂರು ತಿಂಗಳಿಗೂ ಮೀರಿ ಬಾಕಿ ಬಿದ್ದಿತ್ತು. ಅಷ್ಟರಲ್ಲಿ ಸರ್ಕಾರ ಬ್ಯಾಂಕುಗಳನ್ನು ಉಳಿಸಲು ಸುಮಾರು 6,400 ಕೋಟಿ ಯೂರೋ ಸುರಿದಿತ್ತು. ಅದರ ಹೊರೆ ತೆರಿಗೆ ಕಟ್ಟುವವರ ಮೇಲೆ. ಅವರಲ್ಲಿ ಮನೆಯ ಕಂತು ಕಟ್ಟಲಾಗದವರೂ ಇದ್ದರು.

ತಪ್ಪು ಯಾರದು? ಹಣಕಾಸು ಮಂತ್ರಿ ಬ್ರಯಾನ್ ಲೆನಿಹಾನ್ 2010ರಲ್ಲಿ, ಮೋಜು ಮಾಡಿದ್ದು ನಾವೆಲ್ಲರೂ ಅಂದರು. ಮುಂದೆ ಪ್ರಧಾನಿಯಾದ ಎಂಡಾ ಕೆನ್ನಿ 2011ರ ಡಿಸೆಂಬರಿನಲ್ಲಿ ಟಿ.ವಿ.ಯಲ್ಲಿ ಬಂದು, ಇದಕ್ಕೆ ನೀವು ಹೊಣೆಯಲ್ಲ ಎಂದು ಜನರಿಗೆ ಹೇಳಿದರು. ಎರಡು ತಿಂಗಳು ಕಳೆಯುವುದರೊಳಗೆ ದಾವೋಸಿನಲ್ಲಿ, ಜನ ಹುಚ್ಚರಂತೆ ಸಾಲ ಮಾಡಿದರು ಅಂದರು. ಎದುರಿಗೆ ಕೂತವರು ಬದಲಾದರೆ ಹೊಣೆಗಾರರೂ ಬದಲಾಗ್ತಾರೆಯೇ?

ಇದನ್ನೋದಿ ನನಗೆ ಡೊಂಬಿವಲಿಯ ಒಬ್ಬ ಗಿರಾಕಿ ನೆನಪಾದ. ನಮ್ಮ ಕಡೆಯವನೇ, ಹೋಟೆಲಿನಲ್ಲಿ ಕ್ಯಾಷಿಯರು. ಅದು ಮಾರ್ಚ್ ತಿಂಗಳು, ನನ್ನ ಶಾಖೆಯ ಟಾರ್ಗೆಟ್ ಮುಟ್ಟಿರಲಿಲ್ಲ. ಅವನ ಸಂಬಳಕ್ಕೆ ಆ ಕಂತು ಭಾರ ಅಂತ ನನಗೆ ಗೊತ್ತಿತ್ತು. ಹೆಂಡತಿಯ ಹೊಲಿಗೆಯ ಗಳಿಕೆಯನ್ನೂ ಸೇರಿಸಿ ಲೆಕ್ಕ ಕೂರಿಸಿದೆ. ಪರವೂರಿನಲ್ಲಿ ಕನ್ನಡ ಮಾತಾಡುವ ಮ್ಯಾನೇಜರು ಸಿಕ್ಕಿದ್ದೇ ಪುಣ್ಯ ಅಂತ ಅವನು ನಾನು ತೋರಿಸಿದಲ್ಲೆಲ್ಲ ಸಹಿ ಹಾಕಿದ. ಎರಡು ವರ್ಷದಲ್ಲಿ ಹೋಟೆಲು ಮುಚ್ಚಿತು. ನೋಟೀಸು ಹೋದ ಮೇಲೆ ಅವನೇ ಬಂದು ಮನೆಯ ಬೀಗದ ಕೈ ಮೇಜಿನ ಮೇಲಿಟ್ಟು, "ತಪ್ಪು ನನ್ನದೇ ಸಾರ್" ಅಂದ. ನಾನು ಸುಮ್ಮನಿದ್ದೆ. ಅಷ್ಟರಲ್ಲಿ ನನಗೆ ಪ್ರಮೋಷನ್ ಆಗಿತ್ತು.

ಸಾಲ ಮನ್ನಾ ಮಾಡಿದರೆ ನಿಯತ್ತಿನಿಂದ ಕಟ್ಟಿದವನು ಪೆದ್ದನಾಗ್ತಾನೆ ಅನ್ನುವ ಮಾತು ಸುಳ್ಳಲ್ಲ. ಆದರೆ ಬ್ಯಾಂಕುಗಳನ್ನು ಉಳಿಸುವಾಗ ಆ ಮಾತು ಎಲ್ಲಿ ಹೋಗಿತ್ತು? ಸಾಲಪತ್ರದ ಮೇಲೆ ಇರುವುದು ಎರಡು ಸಹಿ. ಹೊಣೆ ಅನ್ನುವುದು ರೊಟ್ಟಿಯಲ್ಲ, ಒಬ್ಬನಿಗೆ ತುಂಡು ಕೊಟ್ಟರೆ ಇನ್ನೊಬ್ಬನ ಪಾಲು ಕಡಿಮೆಯಾಗಲು. ಹೆಚ್ಚು ತಿಳಿದವನ ಹೊಣೆಯೂ ಹೆಚ್ಚು. "ನಾವೆಲ್ಲರೂ" ಅಂದುಬಿಟ್ಟರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಐರ್ಲೆಂಡು ಇದನ್ನು ತಡವಾಗಿ ಒಪ್ಪಿತು ಅನ್ನಬಹುದು. 2012ರ ಕಾಯ್ದೆ ದಿವಾಳಿಯ ಅವಧಿಯನ್ನು ಹನ್ನೆರಡು ವರ್ಷದಿಂದ ಮೂರಕ್ಕಿಳಿಸಿತು, 2016ರಲ್ಲಿ ಅದು ಒಂದಕ್ಕೆ ಬಂತು. ಗೃಹಸಾಲ ಎಷ್ಟು ಕೊಡಬಹುದು ಅನ್ನುವುದಕ್ಕೆ ಅಲ್ಲಿನ ಕೇಂದ್ರ ಬ್ಯಾಂಕು 2015ರಲ್ಲಿ ಮಿತಿ ಹಾಕಿತು.

ಆ ಕ್ಯಾಷಿಯರು ಸಂಸಾರ ಕಟ್ಟಿಕೊಂಡು ಊರಿಗೆ ಮರಳಿದ ಅಂತ ಕೇಳಿದೆ. ನಿಮ್ಮಲ್ಲೇ ಎಲ್ಲೋ ಇರಬೇಕು. ಸಾಲ ತೀರಿಸಲಾಗದೆ ಮುಂಬಯಿ ಬಿಟ್ಟು ಬಂದವನು ಅಂತ ಯಾರಾದರೂ ಆಡಿಕೊಂಡರೆ, ಆ ಕಾಗದದ ಮೇಲೆ ನನ್ನ ಸಹಿಯೂ ಇತ್ತು ಅಂತ ದಯವಿಟ್ಟು ಹೇಳಿ.