ದರ್ಶನಕ್ಕಿಟ್ಟ ಗ್ರಂಥ

ಜ್ಯೇಷ್ಠ ಶುದ್ಧ ಪಂಚಮಿಯನ್ನು ದಿಗಂಬರ ಜೈನರು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಆ ದಿನ ಭಂಡಾರದಲ್ಲಿರುವ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳೊರೆಸಿ, ಹಳೆಯ ವಸ್ತ್ರವನ್ನು ಬಿಚ್ಚಿ ಹೊಸ ವಸ್ತ್ರದಲ್ಲಿ ಸುತ್ತಿ, ಪೂಜಿಸಿ, ಮತ್ತೆ ಅದರದರ ಸ್ಥಾನದಲ್ಲಿರಿಸುವುದು ಪದ್ಧತಿ. ಮಹಾಪುರುಷರ ಜನ್ಮದಿನವನ್ನು, ಯುದ್ಧದ ವಿಜಯವನ್ನು, ಪೈರು ಮನೆಗೆ ಬಂದ ಸಂತೋಷವನ್ನು ಹಬ್ಬವಾಗಿ ಮಾಡಿಕೊಂಡ ಜನ ಲೋಕದಲ್ಲಿ ಎಲ್ಲೆಲ್ಲಿಯೂ ಉಂಟು. ಒಂದು ಗ್ರಂಥವು ಬರೆದು ಮುಗಿದ ದಿನವನ್ನೇ ಪರ್ವವೆಂದು ಬಗೆದು ಶತಮಾನಗಳ ಕಾಲ ಮರೆಯದೆ ನಡೆಸಿಕೊಂಡು ಬಂದವರು ವಿರಳ. ಆ ಗ್ರಂಥ ಷಟ್ಖಂಡಾಗಮ.

ಅದು ಹುಟ್ಟಿದ ಬಗೆಯನ್ನು ರಾಷ್ಟ್ರಕೂಟರ ಕಾಲದ ವೀರಸೇನಾಚಾರ್ಯರು ತಮ್ಮ ಧವಲಾ ಟೀಕೆಯಲ್ಲಿ ಹೇಳಿದ್ದಾರೆ. ಮಹಾವೀರರ ಉಪದೇಶವು ಗುರುಮುಖದಿಂದ ಶಿಷ್ಯರ ಕಿವಿಗೆ ಇಳಿದು ಬರುತ್ತ, ತಲೆಮಾರಿನಿಂದ ತಲೆಮಾರಿಗೆ ಸವೆದು, ಕಡೆಗೆ ಅದರ ಒಂದಂಶ ಮಾತ್ರ ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ವಾಸವಾಗಿದ್ದ ಧರಸೇನಾಚಾರ್ಯರಲ್ಲಿ ಉಳಿದಿತ್ತು. ತಾವು ಕಾಲವಾದರೆ ತಮ್ಮೊಡನೆಯೇ ಅದೂ ಹೋದೀತೆಂಬ ಭಯದಿಂದ ಅವರು ದಕ್ಷಿಣಾಪಥದ ಆಚಾರ್ಯರಿಗೆ ಲೇಖವನ್ನು ಕಳುಹಿಸಿದರು; ಅಲ್ಲಿಂದ ಇಬ್ಬರು ಮುನಿಗಳು ಬಂದರು. ಬಂದವರಿಗೆ ಒಡನೆಯೇ ಪಾಠ ಆರಂಭವಾಗಲಿಲ್ಲ. ಆಚಾರ್ಯರು ಒಬ್ಬರಿಗೆ ಒಂದಕ್ಷರ ಹೆಚ್ಚಾಗಿರುವ ಮಂತ್ರವನ್ನೂ ಇನ್ನೊಬ್ಬರಿಗೆ ಒಂದಕ್ಷರ ಕಡಮೆಯಾಗಿರುವ ಮಂತ್ರವನ್ನೂ ಕೊಟ್ಟು, ಉಪವಾಸವಿದ್ದು ಸಾಧಿಸಿರೆಂದರು. ಸಾಧನೆ ಮುಗಿದಾಗ ಇಬ್ಬರು ದೇವತೆಗಳು ಕಾಣಿಸಿಕೊಂಡರು: ಒಬ್ಬಳು ಉಬ್ಬುಹಲ್ಲಿನವಳು, ಮತ್ತೊಬ್ಬಳು ಒಕ್ಕಣ್ಣಿನವಳು. ವಿಕಾರವು ದೇವತೆಗಳ ಸ್ವಭಾವವಲ್ಲ, ದೋಷವಿದ್ದರೆ ಅದು ಮಂತ್ರದಲ್ಲಿಯೇ ಇರಬೇಕೆಂದು ತರ್ಕಿಸಿದ ಆ ಮುನಿಗಳು, ಮಂತ್ರಶಾಸ್ತ್ರದ ನಿಯಮವನ್ನು ಹಿಡಿದು ಹೆಚ್ಚಿನ ಅಕ್ಷರವನ್ನು ತೆಗೆದು, ಕೊರೆಯಾದ ಅಕ್ಷರವನ್ನು ತುಂಬಿ, ಮತ್ತೆ ಜಪಿಸಿದರು. ದೇವತೆಗಳು ತಮ್ಮ ನಿಜವಾದ ಸೌಮ್ಯರೂಪದಲ್ಲಿ ತೋರಿದರು. ಶಿಷ್ಯರ ಯೋಗ್ಯತೆ ಗುರುವಿಗೆ ತಿಳಿಯಿತು. ಪುಷ್ಪದಂತ, ಭೂತಬಲಿ ಎಂಬ ಹೆಸರು ಪಡೆದ ಆ ಇಬ್ಬರಲ್ಲಿ ಪುಷ್ಪದಂತರು ನಮ್ಮ ಬನವಾಸಿ ಸೀಮೆಗೆ ಬಂದು ಮೊದಲ ಸೂತ್ರಗಳನ್ನು ರಚಿಸಿದರು. ಉಳಿದುದನ್ನು ದ್ರಾವಿಡ ದೇಶದಲ್ಲಿದ್ದ ಭೂತಬಲಿಗಳು ಪೂರ್ಣಗೊಳಿಸಿದರು.

ಗಣಕಯಂತ್ರಕ್ಕೆ ಕೋಡ್ ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಯುವಕ ಯುವತಿಯರು ಈ ಕಥೆಯನ್ನು ಕೇಳಿದರೆ ಅವರಿಗೆ ಅರ್ಥ ಬಿಡಿಸಿ ಹೇಳಬೇಕಾದ ಅಗತ್ಯವಿರಲಾರದು. ಒಂದು ಆವರಣಚಿಹ್ನೆ ಬಿಟ್ಟುಹೋದ ಮಾತ್ರಕ್ಕೆ ಪುಟವೆಲ್ಲ ವಿರೂಪಗೊಂಡು ತೆರೆಯ ಮೇಲೆ ಬರುವುದನ್ನು ಅವರು ದಿನವೂ ಕಾಣುತ್ತಾರೆ. ವಿಕಾರವನ್ನು ಕಂಡಾಗ ಬೆದರದೆ ಮೂಲಪಾಠಕ್ಕೆ ಮರಳಿ ಹೋಗಿ ದೋಷವನ್ನು ಹುಡುಕುವ ಸ್ಥೈರ್ಯ ಅವರ ವೃತ್ತಿಗೆ ಮೊದಲನೆಯ ಗುಣ. ಆದರೆ ನನ್ನ ಮನಸ್ಸನ್ನು ಹಿಡಿದಿರುವುದು ಈ ಸಾಮ್ಯವಲ್ಲ. ಅದರ ಹಿಂದಿರುವ, ಇನ್ನೂ ಗಹನವಾದ ಒಂದು ಪ್ರಶ್ನೆ.

ಜೈನ ಮುನಿಗೆ ಚಿಂತನಯೋಗ್ಯವೆಂದು ಹೇಳಿರುವ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯಾನುಪ್ರೇಕ್ಷೆ. ದೇಹ, ಯೌವನ, ಐಶ್ವರ್ಯ, ಬಂಧುತ್ವ ಯಾವುದೂ ನಿಲ್ಲತಕ್ಕದ್ದಲ್ಲ ಎಂಬುದನ್ನು ದಿನವೂ ಭಾವಿಸಿ ಭಾವಿಸಿ, ಉಟ್ಟ ವಸ್ತ್ರವನ್ನು ಕೂಡ ಪರಿಗ್ರಹವೆಂದು ತೊರೆದವನಿಗೆ, ಒಂದು ಗ್ರಂಥ ಅಳಿದೀತೆಂಬ ಕಳವಳ ಏಕೆ ಹುಟ್ಟಬೇಕು? ಎಲ್ಲವೂ ಅನಿತ್ಯವಾದರೆ ಶ್ರುತವೆಂಬ ಆ ಶಾಸ್ತ್ರಜ್ಞಾನವೂ ಅನಿತ್ಯವಲ್ಲವೆ? ಅದನ್ನು ಉಳಿಸಬೇಕೆಂಬ ಆಸೆಯೂ ಮೋಹದ ಒಂದು ಸೂಕ್ಷ್ಮರೂಪವಲ್ಲವೆ? ಧರಸೇನರ ನಡತೆಯನ್ನು ನೋಡಿದರೆ ಅದು ಮೋಹವಲ್ಲವೆಂದೇ ನನಗೆ ತೋರುತ್ತದೆ. ತನ್ನದೆಂದು ಹಿಡಿದುಕೊಳ್ಳುವುದು ಮೋಹ. ತಾನು ಪಡೆದುದನ್ನು ಮುಂದಿನವನ ಕೈಗೆ ದಾಟಿಸುವುದು ಋಣವಿಮೋಚನೆ. ವೈದಿಕರು ಋಷಿಋಣವೆಂದು ಕರೆದು ಅಧ್ಯಯನದಿಂದಲೇ ಅದು ತೀರತಕ್ಕದ್ದೆಂದುದೂ ಇದೇ ಅಭಿಪ್ರಾಯದಿಂದ. ವಸ್ತು ಅನಿತ್ಯವೆಂಬುದನ್ನು ಮನಗಂಡವನೇ ಅದನ್ನು ಸಕಾಲದಲ್ಲಿ ದಾಟಿಸುತ್ತಾನೆ; ಶಾಶ್ವತವೆಂದು ನಂಬಿದವನು ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾನೆ.

ಆ ಗ್ರಂಥದ ಮುಂದಿನ ಚರಿತ್ರೆಯೇ ಇದಕ್ಕೆ ನಿದರ್ಶನ. ಎಪ್ಪತ್ತೆರಡು ಸಾವಿರ ಶ್ಲೋಕಪ್ರಮಾಣದ ಧವಲಾ ಟೀಕೆಯೊಡನೆ ಅದರ ಹಳಗನ್ನಡ ಲಿಪಿಯ ತಾಡಪ್ರತಿಗಳು ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಉಳಿದುವು. ಬೇರೆಡೆಯಲ್ಲಿ ಎಲ್ಲಿಯೂ ಉಳಿಯಲಿಲ್ಲ. ಹೊಯ್ಸಳರ ಕಾಲದ ವರ್ಣಚಿತ್ರಗಳನ್ನೊಳಗೊಂಡ ಆ ಓಲೆಗಳನ್ನು ನೋಡಿ ಕೈಮುಗಿಯಲು ಯಾತ್ರಿಕರು ದೂರದೂರದಿಂದ ಬರುತ್ತಿದ್ದರು. ನೋಡಿದರು, ನಮಸ್ಕರಿಸಿದರು, ಹೊರಟುಹೋದರು. ಓದಿದವರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಆರಂಭವಾಗಿ, ಅನೇಕ ವರ್ಷ ನಡೆದು, ಹೊರಗೆ ಕೊಡಕೂಡದೆಂಬ ನಿರ್ಬಂಧವಿದ್ದರೂ ಗುಪ್ತವಾಗಿ ಮಾಡಿಕೊಂಡ ಒಂದು ಪ್ರತಿ ಉತ್ತರದೇಶವನ್ನು ಸೇರಿ, ಅದರಿಂದ ಇತರ ಪ್ರತಿಗಳಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಹದಿನಾರು ಸಂಪುಟಗಳಲ್ಲಿ ಕಾರ್ಯ ಮುಗಿಯಿತು. ಬಸದಿಯಲ್ಲಿ ಕಾಪಾಡಿದವರನ್ನು ನಾನು ಹಳಿಯಲಾರೆ. ಅವರ ಭಕ್ತಿಯಿಲ್ಲದಿದ್ದರೆ ಪ್ರತಿಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಆ ಭಕ್ತಿ ದರ್ಶನದಲ್ಲಿಯೇ ನಿಂತಿದ್ದರೆ, ಗೆದ್ದಲಿಗೂ ಕರಾವಳಿಯ ತೇವಕ್ಕೂ ಅವಕಾಶ ಕೊಟ್ಟು, ಪೂಜೆಗೊಳ್ಳುತ್ತಲೇ ಗ್ರಂಥವು ಇಲ್ಲವಾಗುತ್ತಿತ್ತೆಂಬುದೂ ಅಷ್ಟೇ ನಿಜ.

ನಮ್ಮ ಕಾಲದ ಬರಹ ಬಹುಮಟ್ಟಿಗೆ ಅಂತರ್ಜಾಲಕ್ಕೆ ಸೇರಿಹೋಗಿದೆ. ಅಲ್ಲಿರುವುದು ನಾಶವಾಗದೆಂಬ ಭಾವನೆ ಜನರಲ್ಲಿ ಬಲವಾಗಿ ಬೇರೂರಿದೆ. ವಾಸ್ತವ ಅದಕ್ಕೆ ವಿರುದ್ಧವಾಗಿದೆ. ಜಿನೀವಾ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಕಲ್ಪಿಸಿ, 1993ರಲ್ಲಿ ಆ ಸಂಸ್ಥೆಯು ಯಾವ ಶುಲ್ಕವನ್ನೂ ಬಯಸದೆ ಲೋಕಕ್ಕೆ ಬಿಟ್ಟುಕೊಟ್ಟ ಈ ವ್ಯವಸ್ಥೆಯ ಸ್ವರೂಪ ಪ್ರತಿಮಾಡುವಿಕೆಗೆ ಬಹಳ ಅನುಕೂಲವಾಗಿದ್ದಿತು: ಪುಟವೆಂದರೆ ಸರಳವಾದ ಲಿಖಿತಪಾಠ, ನಡುನಡುವೆ ಕೆಲವು ಗುರುತುಗಳು, ಯಾರು ಬೇಕಾದರೂ ಬ್ರೌಸರಿನಲ್ಲಿ ಪುಟದ ಮೂಲವನ್ನು ತೆರೆದು ನೋಡಿ, ಹೇಗೆ ಕಟ್ಟಿದ್ದಾರೆಂದು ತಿಳಿದು, ತಾವೂ ಹಾಗೆಯೇ ಕಟ್ಟಬಹುದಾಗಿತ್ತು. ಒಂದು ಪೀಳಿಗೆ ಈ ವಿದ್ಯೆಯನ್ನು ಗುರುವಿಲ್ಲದೆ ಕಲಿತುದು ಹಾಗೆ. ಅಂದು ಬರೆದ ಪುಟಗಳನ್ನು ಇಂದಿನ ಬ್ರೌಸರ್ ಕೂಡ ತೆರೆಯುತ್ತದೆ. ಕಾಲಕ್ರಮದಲ್ಲಿ ಪುಟ ಕಟ್ಟುವ ವಿಧಾನ ಜಟಿಲವಾಯಿತು. ಬರಹವು ದತ್ತಾಂಶಕೋಶದ ಆಳದಲ್ಲಿ ಅಡಗಿತು. ಹತ್ತಾರು ಬೇರೆ ಬೇರೆ ಸಂಸ್ಥೆಗಳ ಸರ್ವರುಗಳು ಏಕಕಾಲದಲ್ಲಿ ಎಚ್ಚರವಾಗಿದ್ದರೆ ಮಾತ್ರ ಒಂದು ಕವಿತೆ ಕಣ್ಣಿಗೆ ಬೀಳುವ ಸ್ಥಿತಿ ಬಂದಿತು. ಬಾಡಿಗೆ ನಿಂತರೆ ತಾಣ ಮಾಯವಾಗುತ್ತದೆ. ಸಾಮಾನ್ಯ ಜನ ತಮ್ಮ ಕೈಯಾರೆ ಕಟ್ಟಿದ ಲಕ್ಷಾಂತರ ಪುಟಗಳಿಗೆ ಆಶ್ರಯವಾಗಿದ್ದ ಜಿಯೋಸಿಟೀಸನ್ನು ಅದರ ಒಡೆತನ ಪಡೆದಿದ್ದ ಯಾಹೂ 2009ರಲ್ಲಿ ಮುಚ್ಚಿತು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ ಕೆಲವು ಸ್ವಯಂಸೇವಕರೂ ಹಗಲಿರುಳು ಕುಳಿತು ಆದಷ್ಟನ್ನು ಪ್ರತಿಮಾಡಿಕೊಂಡುದರಿಂದ ಒಂದು ಭಾಗ ಉಳಿಯಿತು.

ಕನ್ನಡಿಗರಿಗೆ ಈ ನಾಶದ ಅನುಭವ ಇನ್ನೂ ಹತ್ತಿರದ್ದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ನಮ್ಮ ಬರಹವನ್ನು ಗಣಕದಲ್ಲಿ ಸಾಧ್ಯಮಾಡಿದುವು. ಆ ಉಪಕಾರ ದೊಡ್ಡದು. ಎಷ್ಟೋ ಪುಸ್ತಕಗಳು, ಪತ್ರಿಕೆಗಳು, ಸರ್ಕಾರಿ ಕಡತಗಳು ಆ ಬಗೆಯಲ್ಲಿಯೇ ಸಿದ್ಧವಾದುವು. ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಅಂಥ ಒಂದು ಕಡತವನ್ನು ತೆರೆದು ನೋಡಿ. ‘ಕನ್ನಡ’ ಎಂಬ ಪದವಿರಬೇಕಾದಲ್ಲಿ ರೋಮನ್ನಿನ ಪಿ ಅಕ್ಷರ, ಅದರ ಬದಿಗೆ ತಲೆಯ ಮೇಲೆ ಓರೆಗೆರೆಯನ್ನು ಹೊತ್ತ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಓರೆಗೆರೆಯ ಎ, ಬಳಿಕ ಜರ್ಮನರ ಜೋಡಿ ಎಸ್, ಕ್ಯೂ, ಕಡೆಗೆ ಇನ್ನೊಮ್ಮೆ ಅದೇ ಎ: ಏಳು ಚಿಹ್ನೆಗಳ ಈ ಸಾಲಿನಲ್ಲಿ ಕನ್ನಡದ ಸುಳಿವೇ ಇಲ್ಲ. ಕಡತ ಕೆಟ್ಟಿಲ್ಲ, ಒಂದು ಚಿಹ್ನೆಯೂ ಕಳೆದಿಲ್ಲ, ಬರೆದವರ ಶ್ರಮವೆಲ್ಲ ಅಲ್ಲಿಯೇ ಇದೆ. ಓದುವುದಕ್ಕೆ ಮಾತ್ರ ಬಾರದು. ಮುಚ್ಚಿಟ್ಟ ಓಲೆಯ ಕಟ್ಟಿಗೂ ಇದಕ್ಕೂ ನನಗೆ ಭೇದ ಕಾಣದು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆಂದು 128 ಸ್ಥಾನಗಳು ಮೀಸಲಾದುವು. ಅದು ಸಾರ್ವತ್ರಿಕವಾಗುವುದಕ್ಕೆ ಹತ್ತು ಹದಿನೈದು ವರ್ಷ ಹಿಡಿದುದರಿಂದ, ಆ ನಡುವಿನ ಒಂದು ಇಡೀ ಕಾಲದ ಕನ್ನಡ ಬರಹ ಇಂದಿಗೂ ದಾಟದೆ ಆಚೆಯ ದಡದಲ್ಲಿಯೇ ನಿಂತಿದೆ.

ಪ್ರತಿಮಾಡಿಸಿ ಹಂಚುವುದನ್ನು ನಮ್ಮ ಪೂರ್ವಿಕರು ಶಾಸ್ತ್ರದಾನವೆಂದು ಕರೆದು ಆಹಾರ, ಔಷಧ, ಅಭಯಗಳ ದಾನದೊಡನೆ ಸಮಾನವಾಗಿ ಎಣಿಸಿದರು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ಕನ್ನಡಿಗರೆಲ್ಲ ಬಲ್ಲರು. ಆಕೆ ಅದಕ್ಕೆ ವೆಚ್ಚಮಾಡಿದ ಹೊನ್ನನ್ನೆಲ್ಲ ಸುರಿದು ಒಂದೇ ಪ್ರತಿಗೆ ರತ್ನಖಚಿತವಾದ ಪೆಟ್ಟಿಗೆಯನ್ನು ಮಾಡಿಸಬಹುದಾಗಿತ್ತು. ಮಾಡಿಸಲಿಲ್ಲ. ಒಂದು ಊರಿನ ಭಂಡಾರ ಸುಟ್ಟರೆ ಇನ್ನೊಂದು ಊರಿನಲ್ಲಿ ಉಳಿದೀತೆಂಬ ವಿವೇಕ ಆ ಸಾವಿರದಲ್ಲಿದೆ. ಈ ದೃಷ್ಟಿಯಿಂದ ನೋಡಿದರೆ ಜಾಲಪುಟವನ್ನು ಕಟ್ಟುವವನ ಧರ್ಮವೇನೆಂಬುದು ಅಸ್ಪಷ್ಟವಲ್ಲ. ಇನ್ನೊಬ್ಬನು ಸುಲಭವಾಗಿ ಪ್ರತಿಮಾಡಿಕೊಳ್ಳುವಂತೆ ಸರಳವಾಗಿ ಕಟ್ಟಬೇಕು; ಒಮ್ಮೆ ಕೊಟ್ಟ ವಿಳಾಸವನ್ನು ಕಾರಣವಿಲ್ಲದೆ ಬದಲಿಸಿ ಓದುಗನನ್ನು ಬರಿಯ ಬಾಗಿಲ ಮುಂದೆ ನಿಲ್ಲಿಸಬಾರದು; ಬರಹವನ್ನು ಎಲ್ಲರಿಗೂ ತಿಳಿದ ಸಂಕೇತಪದ್ಧತಿಯಲ್ಲಿಯೇ ಇರಿಸಬೇಕು. ಇದನ್ನು ಕೌಶಲದ ಮಾತೆಂದು ಹೇಳುವವರುಂಟು. ಧರ್ಮದ ಮಾತೆಂದೇ ನನ್ನ ನಂಬಿಕೆ, ಏಕೆಂದರೆ ಇದರ ಫಲವನ್ನು ಉಣ್ಣುವವನು ಇನ್ನೂ ಹುಟ್ಟಿಲ್ಲ, ಅವನಿಂದ ಯಾವ ಪ್ರತ್ಯುಪಕಾರವೂ ದೊರೆಯತಕ್ಕದ್ದಲ್ಲ.

ಪರ್ಯಾಯಗಳು, ಎಂದರೆ ಬದಲಾಗುವ ರೂಪಗಳು, ಅಳಿದರೂ ದ್ರವ್ಯವು ಅಳಿಯದೆಂದು ಜೈನದರ್ಶನ ಹೇಳುತ್ತದೆ. ಕಂಠಪಾಠವು ಓಲೆಯಾಗಿ, ಓಲೆಯು ಕಾಗದವಾಗಿ, ಹಳಗನ್ನಡ ಲಿಪಿಯು ನಾಗರಿಯಾಗಿ, ಅಚ್ಚಾಗಿ, ಇಂದು ತೆರೆಯ ಮೇಲಿನ ಬೆಳಕಾಗಿ ಬಂದ ಷಟ್ಖಂಡಾಗಮವನ್ನು ಕಂಡಾಗ ಆ ಮಾತು ಇಲ್ಲಿಯೂ ಸಲ್ಲುತ್ತದೆಂದು ಹೇಳುವ ಆಸೆಯಾಗುತ್ತದೆ. ಪೂರ್ತಿಯಾಗಿ ಸಲ್ಲದು. ದ್ರವ್ಯದ ಧ್ರೌವ್ಯ ಅದರ ಸ್ವಭಾವದಿಂದಲೇ ಸಿದ್ಧ. ಗ್ರಂಥವಾದರೋ ಪ್ರತಿಯೊಂದು ರೂಪಾಂತರದಲ್ಲಿಯೂ ಒಬ್ಬ ಮನುಷ್ಯನ ಕೈಯನ್ನು ಬೇಡುತ್ತದೆ, ಆ ಕೈ ತಪ್ಪಿದಲ್ಲಿ ಕಥೆ ಮುಗಿಯುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಈಗ ಉಚಿತವಾಗಿ ದೊರೆಯುತ್ತವೆ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಬರುತ್ತಿದ್ದು, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವೇ ಮೊದಲು ಬರಬೇಕಾದುದರಿಂದ, ಪರಿವರ್ತನೆಯಲ್ಲಿ ಅಲ್ಲಲ್ಲಿ ಒಂದಕ್ಷರ ಸ್ಥಾನ ತಪ್ಪುತ್ತದೆ, ಒಂದು ಒತ್ತು ಬಿದ್ದುಹೋಗುತ್ತದೆ, ಒಂದು ದೀರ್ಘ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಯಂತ್ರಕ್ಕೆ ಅದು ತಿಳಿಯದು. ಮೂಲವನ್ನೂ ಪ್ರತಿಯನ್ನೂ ಬದಿಬದಿಗಿಟ್ಟುಕೊಂಡು ಸಾಲುಸಾಲಾಗಿ ಓದಿ ತಿದ್ದುವವರು ಬೇಕು. ಮುದ್ರಣಾಲಯಗಳಲ್ಲಿ ಕರಡು ತಿದ್ದಿ ನುರಿತು ಈಗ ವಿಶ್ರಾಂತರಾಗಿರುವ ಹಿರಿಯರು ನಮ್ಮ ಊರೂರುಗಳಲ್ಲಿ ಇನ್ನೂ ಇದ್ದಾರೆ, ಅವರನ್ನು ಕರೆದು ಕೇಳಿದರೆ ಇಲ್ಲವೆನ್ನಲಾರರು.