ಹೊರಟುಹೋಗುವವರು ಕಟ್ಟಿದ ಗೋಡೆ

ಇವತ್ತಿನ ವಾಕ್ಯಭಾಗ ನೆಹೆಮೀಯ 3ನೇ ಅಧ್ಯಾಯ. ಬರೀ ಹೆಸರುಗಳ ಪಟ್ಟಿ ಅಂತ ನಾವು ದಾಟಿಕೊಂಡು ಹೋಗುವ ಅಧ್ಯಾಯ.

ಸೇವೆಗೆ ಕರೆದರೆ ಯೌವನಸ್ಥರಿಂದ ನಾನು ಹೆಚ್ಚಾಗಿ ಕೇಳುವ ಉತ್ತರ ಒಂದೇ: "ಪಾಸ್ಟರ್, ನಾನು ಪೀಜಿಯಲ್ಲಿರೋದು. ಇಲ್ಲಿ ಎಷ್ಟು ದಿನ ಇರ್ತೀನೋ ಗೊತ್ತಿಲ್ಲ." ನಿಜ. ಆದರೆ ನಮ್ಮ ವೈಟ್‌ಫೀಲ್ಡ್ ಶುರುವಾದದ್ದೇ ವಲಸೆ ಬಂದವರಿಂದ. 1882ರಲ್ಲಿ ಡಿ. ಎಸ್. ವೈಟ್ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಈ ಊರನ್ನು ಆರಂಭಿಸಿದರು. ಮೈಸೂರು ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಜಮೀನು ಕೊಟ್ಟರು. ಅವರು ಬೇಸಾಯ ಮಾಡಿದರು, ಇನ್ನರ್ ಸರ್ಕಲ್ ಸುತ್ತ ಮನೆ ಕಟ್ಟಿದರು, ಆರಾಧನೆಗೊಂದು ಆಲಯ ಮಾಡಿಕೊಂಡರು. 1947ರ ನಂತರ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾ ಅಂತ ಹೊರಟುಹೋದರು. ಆದರೆ ಮೆಮೋರಿಯಲ್ ಚರ್ಚ್‌ನಲ್ಲಿ ಇಂದಿಗೂ ಪ್ರಾರ್ಥನೆ ನಿಂತಿಲ್ಲ. ದೇವರಿಗೆ ಸ್ತೋತ್ರ!

ಈಗ ವಾಕ್ಯ ನೋಡಿ. ತೆಕೋವದವರಿಗೆ ಯೆರೂಸಲೇಮ್ ಸ್ವಂತ ಊರಲ್ಲ. ಅವರ ದೊಡ್ಡವರು ಕೆಲಸಕ್ಕೆ ಕತ್ತು ಬಗ್ಗಿಸಲಿಲ್ಲ. ಆದರೂ ಆ ಹಳ್ಳಿಯ ಜನ ಒಂದಲ್ಲ, ಎರಡು ಭಾಗ ಕಟ್ಟಿದರು. 30ನೇ ವಚನದ ಮೆಷುಲ್ಲಾಮನು ತನ್ನ ಕೊಠಡಿಯ ಎದುರಿಗಿದ್ದ ಗೋಡೆಯನ್ನು ಸರಿಮಾಡಿದನು. ಗಮನಿಸಿ, ಅಲ್ಲಿ ಮನೆ ಅಂತ ಇಲ್ಲ, ಕೊಠಡಿ! ಪೀಜಿಯಲ್ಲಿರುವವರೇ, ಈ ವಚನ ನಿಮಗೆ. ಇನ್ನು ನೆಹೆಮೀಯ? ಅವನು ಅರಸನಿಂದ ರಜೆ ಪಡೆದು ಬಂದವನು, ವಾಪಸ್ ಹೋದವನು. 52 ದಿನಗಳಲ್ಲಿ ಮುಗಿದ ಗೋಡೆ ಮಾತ್ರ ಜನರಿಗೆ ಉಳಿಯಿತು.

1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಜೊತೆ ಸೇರಿದವರು ಪಾಳುಬಿದ್ದ ಕಟ್ಟಡವೊಂದನ್ನು ಗುಡಿಸಿ, ಹಲಗೆ ಹಾಕಿ ಕೂತರು. ಎರಡು ಮರದ ಪೆಟ್ಟಿಗೆಗಳೇ ಪ್ರಸಂಗಪೀಠ. 1931ರಲ್ಲಿ ಆ ಕಟ್ಟಡವನ್ನೇ ಕೆಡವಿದರು. ಆದರೆ ಅಲ್ಲಿ ಹತ್ತಿದ ಬೆಂಕಿ ಆರಲಿಲ್ಲ. ಹಲ್ಲೆಲೂಯಾ!

ಹಾಗಾದರೆ ಹಾಲ್ ಯಾಕೆ ಬೇಕು? ನಾಳೆ ಬಸ್ಸಿಳಿದು ಬರುವ, ಈ ಊರಲ್ಲಿ ಒಬ್ಬರ ಪರಿಚಯವೂ ಇಲ್ಲದ ಆ ತಮ್ಮನಿಗೆ, ಆ ತಂಗಿಗೆ ತೆರೆದ ಬಾಗಿಲು ಒಂದು ಇರಬೇಕು. ನೀನು ಬಂದಾಗ ಯಾರೋ ಕುರ್ಚಿ ಹಾಕಿಟ್ಟಿದ್ದರು ಅಲ್ವಾ? ಅವರಲ್ಲಿ ಎಷ್ಟೋ ಜನ ಈಗ ಇಲ್ಲಿಲ್ಲ.

ಪ್ರಿಯರೇ, ಇರುವಷ್ಟು ದಿನ ನಿಮ್ಮ ಕೊಠಡಿಯ ಎದುರಿನ ಭಾಗ ಕಟ್ಟಿ. ಸಂಡೇ ಸ್ಕೂಲ್ ಆಗಲಿ, ಕಸ ಗುಡಿಸುವುದಾಗಲಿ, ಒಂದು ಕೆಲಸ ಕೈಗೆತ್ತಿಕೊಳ್ಳಿ. ಹೋಗುವಾಗ ಪಕ್ಕದವರ ಕೈಗೆ ಕೊಟ್ಟು ಹೋಗಿ. ಕರ್ತನು ನಿಮ್ಮ ಕೈಗಳನ್ನು ಬಲಪಡಿಸಲಿ. ಆಮೆನ್.